ಕಾಲು ನೋಡುವ ಕೆಲಸ

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕೋಟೆಯ ಬುಡದಲ್ಲಿ ನನ್ನ ಹತ್ತಿರ ಹದಿನೈದಿಪ್ಪತ್ತು ಹುಡುಗರು ಸೇರುತ್ತಾರೆ. ಒಂದಿಷ್ಟು ಓಡಿಸುತ್ತೇನೆ, ಆಮೇಲೆ ಬಂಡೆಯ ಮೇಲೆ ಕೂರಿಸಿಕೊಂಡು ಮಾತಾಡುತ್ತೇನೆ. ಫೀಸೂ ಇಲ್ಲ, ಬೋರ್ಡೂ ಇಲ್ಲ. ಈಚೆಗೆ ಹಿರಿಯೂರು ಕಡೆಯ ರೈತರೊಬ್ಬರು ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಮಗ ಬಿ.ಎಸ್ಸಿ. ಕೊನೆಯ ವರ್ಷ.

“ಸಾರ್, ಮಿಲಿಟ್ರಿಗೆ ಸೇರೋಕೆ ಎಸ್ಸೆಸ್ಸೆಲ್ಸಿ ಸಾಕು ಅಂತಾರೆ. ಇಷ್ಟು ಓದ್ಸಿ ಅಲ್ಲಿಗ್ಯಾಕೆ ಕಳಿಸ್ಬೇಕು?” ಎಂದರು.

ಸಿಪಾಯಿಯ ಭರ್ತಿ ಬೇರೆ, ಆಫೀಸರ್ ಆಯ್ಕೆ ಬೇರೆ ಎಂದು ಬಿಡಿಸಿ ಹೇಳಿದೆ. ತಲೆದೂಗಿದರು. ಆದರೂ ಒಂದು ಪ್ರಶ್ನೆ ಉಳಿದಿತ್ತು.

“ಆಯ್ತು, ಆಫೀಸರ್ ಆದೋರು ಅಲ್ಲೇನ್ ಮಾಡ್ತಾರೆ? ಆರ್ಡರ್ ಕೊಡ್ತಾರಾ?”

“ಕಾಲು ನೋಡ್ತಾರೆ” ಎಂದೆ.

ತಮಾಷೆ ಅಂದುಕೊಂಡು ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

2004ರ ಜೂನ್‌ನಲ್ಲಿ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಿಂದ ಹೊರಬಿದ್ದು ಗಢವಾಲ್ ರೈಫಲ್ಸ್‌ನ ಒಂದು ಪಲ್ಟನ್ ಸೇರಿದೆ. ಪಲ್ಟನ್ ಎಂದರೆ ಬೆಟಾಲಿಯನ್, ಹೆಚ್ಚುಕಡಿಮೆ 800 ಜನ. ಅದರೊಳಗೆ ಸುಮಾರು 120 ಜನರ ಕಂಪನಿಗಳು, ಕಂಪನಿಯೊಳಗೆ ಮೂವತ್ತು ಚಿಲ್ಲರೆ ಜನರ ಪ್ಲಟೂನ್‌ಗಳು, ಪ್ಲಟೂನಿನೊಳಗೆ ಹತ್ತು ಹತ್ತು ಜನರ ಸೆಕ್ಷನ್‌ಗಳು. ನನಗೆ 22 ವರ್ಷ. ಕೈಗೆ ಒಂದು ಪ್ಲಟೂನ್ ಕೊಟ್ಟರು. ಮೊದಲ ವಾರವೇ ಹೊರೆ ಹೊತ್ತು ಇಪ್ಪತ್ತು ಕಿಲೋಮೀಟರ್ ನಡಿಗೆ. ಮುಗಿಸಿ ಬಂದವನೇ ಸ್ನಾನಕ್ಕೆ ಹೊರಟಿದ್ದೆ. ಸಿಪಾಯಿಯಿಂದ ಮೇಲೇರಿ ಬಂದಿದ್ದ ನಮ್ಮ ಸುಬೇದಾರ್ ಸಾಹೇಬರು ಬಂದು ಬಾಗಿಲಲ್ಲಿ ನಿಂತರು. ಅವರ ಸರ್ವಿಸ್ಸೇ ನನ್ನ ವಯಸ್ಸಿಗಿಂತ ಎರಡು ವರ್ಷ ಜಾಸ್ತಿ.

“ಸಾಬ್, ಹುಡುಗರು ಬೂಟು ಬಿಚ್ಚಿ ಕೂತಿದ್ದಾರೆ” ಎಂದರು, ಹಿಂದಿಯಲ್ಲಿ.

ಅಷ್ಟೇ. ಯಾಕೆ ಕೂತಿದ್ದಾರೆ, ನಾನೇನು ಮಾಡಬೇಕು, ಒಂದೂ ಹೇಳಲಿಲ್ಲ. ಹೋಗಿ ನೋಡಿದರೆ ಬ್ಯಾರಕ್ಕಿನ ಮುಂದೆ ಮೂವತ್ತು ಜೊತೆ ಬರಿಗಾಲು ಸಾಲಾಗಿ ಚಾಚಿಕೊಂಡಿವೆ. ಸುಬೇದಾರರು ಟಾರ್ಚು ಹಿಡಿದು ಮೊದಲನೆಯವನ ಮುಂದೆ ಕುಕ್ಕರುಗಾಲಲ್ಲಿ ಕೂತರು. ನಾನೂ ಕೂತೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆಯೇ, ಬೆರಳ ಸಂದಿಯಲ್ಲಿ ಬೆಳ್ಳಗೆ ಕೊಳೆತಿದೆಯೇ, ಉಗುರು ಒಳಕ್ಕೆ ಬೆಳೆದಿದೆಯೇ, ಬೂಟಿನ ಹೊಲಿಗೆ ಎಲ್ಲಿ ಒತ್ತುತ್ತಿದೆ, ಒಂದೊಂದನ್ನೂ ನೋಡಿ, ಪೌಡರ್ ಹಾಕಿಸಿ, ಬೇಕಾದವರನ್ನು ಎಂಐ ರೂಮಿಗೆ (ಪಲ್ಟನ್ನಿನ ಚಿಕಿತ್ಸಾಲಯಕ್ಕೆ) ಕಳಿಸಿ ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ. ಆ ಮೂವತ್ತು ಹೆಸರುಗಳನ್ನು ನಾನು ಮುಖದ ಜೊತೆ ಅಲ್ಲ, ಕಾಲಿನ ಜೊತೆ ಕಲಿತದ್ದು.

ಕನ್ನಡದಲ್ಲಿ ನಮ್ಮ ಇನ್‌ಫೆಂಟ್ರಿ ದಳಕ್ಕೆ ಎರಡು ಹೆಸರು. ಪದಾತಿ ಎನ್ನುತ್ತೇವೆ, ಕಾಲಾಳು ಎನ್ನುತ್ತೇವೆ. ಎರಡರಲ್ಲೂ ಕಾಲೇ ಇದೆ. ಟ್ಯಾಂಕ್ ಬರಲಿ, ಡ್ರೋನ್ ಬರಲಿ, ಬೆಟ್ಟದ ತುದಿಯ ಬಂಕರಿನೊಳಗೆ ಕೊನೆಗೆ ಇಳಿಯಬೇಕಾದವನು ನಡೆದು ಹೋದವನೇ. 1999ರ ಕಾರ್ಗಿಲ್‌ನಲ್ಲಿ ಫಿರಂಗಿ ದಳದವರು ಎಷ್ಟು ಗುಂಡು ಸುರಿಸಿದರೂ ತೋಲೋಲಿಂಗ್, ಟೈಗರ್ ಹಿಲ್‌ಗಳ ಮೇಲೆ ರಾತ್ರಿ ಹತ್ತಿದವರು ಕಾಲಾಳುಗಳು. ಅದಕ್ಕೇ ಉಳಿದ ದಳಗಳು ಸಮರದ ಬೇರೆ ಬೇರೆ ಕೆಲಸ ಹಂಚಿಕೊಂಡರೂ ‘ಸಮರಾಂಗಣದ ರಾಣಿ’ ಎಂಬ ಬಿರುದು ನಮಗೆ. ಬಿರುದು ಬಿಡಿ, ಚದುರಂಗದಲ್ಲಿ ಮೊದಲು ಸಾಯುವ ಕಾಯಿಯೂ ನಮ್ಮದೇ.

ಈಗ ದಾರಿಯ ವಿಷಯಕ್ಕೆ ಬರೋಣ. ಆ ಅಪ್ಪನಂತೆ ಅನೇಕರಿಗೆ ಗೊಂದಲ ಇರುವುದು ಇಲ್ಲಿ.

ಪಿಯುಸಿ ಓದುತ್ತಿರುವವರಿಗೆ ಎನ್‌ಡಿಎ ಇದೆ, ಅಂದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆರಡು ಸಲ ಪರೀಕ್ಷೆ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅಲ್ಲಿ ಮೂರು ವರ್ಷ, ಆಮೇಲೆ ಡೆಹ್ರಾಡೂನಿನಲ್ಲಿ ಒಂದು ವರ್ಷ. ಡಿಗ್ರಿಯವರಿಗೆ ಅದೇ ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಡೆಹ್ರಾಡೂನಿಗೆ ಆಯ್ಕೆಯಾದರೆ ಹದಿನೆಂಟು ತಿಂಗಳು ತರಬೇತಿ, ಕಾಯಂ ಕಮಿಷನ್. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಆಯ್ಕೆಯಾದರೆ 49 ವಾರ, ಶಾರ್ಟ್ ಸರ್ವಿಸ್. ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. ಎನ್‌ಸಿಸಿಯಲ್ಲಿ ‘ಸಿ’ ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆಯಿಲ್ಲದೆಯೇ ಚೆನ್ನೈ ದಾರಿ ಹಿಡಿಯಬಹುದು. ನಮ್ಮ ಕಾಲೇಜು ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಮದುವೆಯಾಗಿರಬಾರದು. ತರಬೇತಿಗೆ ದುಡ್ಡು ಕಟ್ಟಬೇಕಾಗಿಲ್ಲ. ಡೆಹ್ರಾಡೂನ್, ಚೆನ್ನೈಗಳಲ್ಲಿ ತರಬೇತಿಯ ಕಾಲದಲ್ಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್.

ಲಿಖಿತ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಲಾರೆ. ಹತ್ತನೇ ತರಗತಿಯವರೆಗಿನ ಗಣಿತ ಗಟ್ಟಿ ಮಾಡಿಕೊಂಡು ದಿನಾ ಪೇಪರು ಓದುವವನು ಸಿಡಿಎಸ್ ದಾಟುತ್ತಾನೆ. ಪ್ರಶ್ನೆಪತ್ರಿಕೆ ಇಂಗ್ಲಿಷು, ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿಲ್ಲ. ಅದು ಅನ್ಯಾಯ ಎಂಬುದೇ ನನ್ನ ಅಭಿಪ್ರಾಯ. ಆದರೆ ಹೊಸದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನೇ ದಾಟಿದ್ದೇನೆ.

ನಿಜವಾದ ಜರಡಿ ಎಸ್‌ಎಸ್‌ಬಿ, ಅಂದರೆ ಸೇವಾ ಆಯ್ಕೆ ಮಂಡಳಿ. ಎನ್‌ಡಿಎಯಲ್ಲಿ ಲಿಖಿತಕ್ಕೆ 900 ಅಂಕವಾದರೆ ಇದಕ್ಕೂ 900. ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಬೆಂಗಳೂರಿನ ಕೇಂದ್ರ ಸಿಗುತ್ತದೆ. ಐದು ದಿನ ಅಲ್ಲೇ ಇರಬೇಕು. ಹೋದ ಕೂಡಲೇ ಹೆಸರು ಕಳೆದುಹೋಗುತ್ತದೆ. ಎದೆಯ ಮೇಲೆ ಒಂದು ನಂಬರ್ ಕಟ್ಟುತ್ತಾರೆ, ಅದೇ ನೀವು. ಮೊದಲ ದಿನ ಬುದ್ಧಿ ಪರೀಕ್ಷೆ, ಜೊತೆಗೆ ಒಂದು ಮಸುಕು ಚಿತ್ರ ತೋರಿಸಿ ಕಥೆ ಬರೆಸಿ ಗುಂಪಿನಲ್ಲಿ ಮಾತಾಡಿಸುವುದು. ಎಷ್ಟೋ ಜನ ಅದೇ ದಿನ ಸಂಜೆ ಬಸ್ಸು ಹತ್ತುತ್ತಾರೆ. ಉಳಿದವರಿಗೆ ಮರುದಿನ ಮನಶ್ಶಾಸ್ತ್ರದ ಪರೀಕ್ಷೆ. ಹನ್ನೆರಡು ಚಿತ್ರ, ಒಂದೊಂದನ್ನೂ ಮೂವತ್ತು ಸೆಕೆಂಡು ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು. ಹನ್ನೆರಡನೆಯದು ಖಾಲಿ ಪರದೆ. ಆಮೇಲೆ ಅರವತ್ತು ಪದ, ಪದಕ್ಕೆ ಹದಿನೈದು ಸೆಕೆಂಡು, ಹೊಳೆದ ವಾಕ್ಯ ಬರೆಯಬೇಕು. ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಕ್ಕೆ ಉತ್ತರ. ಕೈ ಸೋತು, ತಲೆ ಸೋತು, ನಟನೆ ಕಳಚಿಬಿದ್ದ ಮೇಲೆ ಉಳಿಯುವ ಮನುಷ್ಯ ಯಾರು ಎಂದು ನೋಡುವುದು ಅದರ ಉದ್ದೇಶ.

ನಾನು ಎರಡು ಸಲ ಫೇಲಾದೆ, ಎರಡೂ ಎನ್‌ಡಿಎಗೆ. ಮೊದಲನೇ ಸಲ ಒಂದು ಕೋಚಿಂಗ್ ಕೇಂದ್ರಕ್ಕೆ ಅಪ್ಪನ ದುಡ್ಡು ಸುರಿದು ಹೋಗಿದ್ದೆ. ಅಲ್ಲಿ ಕಲಿಸಿದ್ದು ಒಂದೇ: ಗುಂಪಿನಲ್ಲಿ ಮೊದಲು ಬಾಯಿ ಬಿಡು, ಎಲ್ಲರನ್ನೂ ಮುನ್ನಡೆಸು. ಹಾಗೇ ಮಾಡಿದೆ. ಎಂಟು ಜನರ ಗುಂಪಿನಲ್ಲಿ ಎಂಟೂ ಜನ ಅದೇ ಕೋಚಿಂಗಿನ ಮಾತು ಕೇಳಿ ಬಂದಿದ್ದರು ಅನ್ನಿಸುತ್ತದೆ, ಸಂತೆಯಾಯಿತು. ಸಂದರ್ಶನದಲ್ಲಿ ಕಾರ್ಗಿಲ್, ಪರಮಾಣು ನೀತಿ ಎಲ್ಲ ಬಾಯಿಪಾಠ ಮಾಡಿಕೊಂಡು ಕೂತಿದ್ದೆ. ಅಧಿಕಾರಿ ಕೇಳಿದ್ದು, “ನಿಮ್ಮ ತೋಟದಲ್ಲಿ ಎಷ್ಟು ತೆಂಗಿನ ಮರ ಇವೆ? ಮರಕ್ಕೆ ವರ್ಷಕ್ಕೆ ಎಷ್ಟು ಕಾಯಿ?” ಗೊತ್ತಿರಲಿಲ್ಲ. ಆಗ ನಮ್ಮ ಕಡೆ ತೆಂಗಿಗೆ ನುಸಿ ಬಿದ್ದು ಕಾಯಿ ಸೀಕು ಸೀಕಾಗಿ ಉದುರುತ್ತಿದ್ದವು, ಅಪ್ಪ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಅದನ್ನು ನೋಡಿಯೂ ನೋಡದವನಂತೆ ಇದ್ದೆ. ಮನೆಯ ಮೂರು ಜನರ ಕಷ್ಟ ಗೊತ್ತಿಲ್ಲದವನ ಕೈಗೆ ಮೂವತ್ತು ಜನರನ್ನು ಯಾರು ಕೊಡುತ್ತಾರೆ?

ಮೂರನೇ ಸಲ, 2002ರಲ್ಲಿ, ಸಿಡಿಎಸ್‌ನಿಂದ ಹೋದೆ. ಗುಂಪು ಕೆಲಸ ಎಂದರೆ ಹೀಗೆ: ಮೈದಾನದಲ್ಲಿ ಕಂಬ, ಡ್ರಮ್ಮು, ಅಡ್ಡಗಟ್ಟೆ ಇರುತ್ತವೆ. ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಡುತ್ತಾರೆ. ನೆಲ ಮುಟ್ಟದೆ, ಕೆಂಪು ಬಳಿದದ್ದನ್ನು ಸೋಕದೆ, ಹೊರೆಯ ಸಮೇತ ಎಲ್ಲರೂ ಆಚೆ ದಾಟಬೇಕು. ನಾವು ಮಧ್ಯೆ ಸಿಕ್ಕಿಬಿದ್ದು ಒದ್ದಾಡುತ್ತಿದ್ದಾಗ ಒಡಿಶಾದ ಒಬ್ಬ ಹುಡುಗ ಸಣ್ಣ ದನಿಯಲ್ಲಿ ಏನೋ ಹೇಳಿದ. ದಿಮ್ಮಿಯನ್ನು ಹಲಗೆಯ ಕೆಳಗೆ ಕೊಟ್ಟು ಕಟ್ಟಿದರೆ ಉದ್ದ ಸಾಕಾಗುತ್ತದೆ ಎಂದು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. “ಇವನು ಹೇಳಿದ್ದು ಸರಿ, ಇವನು ಹೇಳಿದ ಹಾಗೆ ಮಾಡೋಣ” ಎಂದು ನಾನು ಜೋರಾಗಿ ಹೇಳಿ ಹಗ್ಗ ಅವನ ಕೈಗೇ ಕೊಟ್ಟೆ. ದಾಟಿದೆವು. ಐದನೇ ದಿನ ನಮ್ಮ ಗುಂಪಿನಿಂದ ಕೂಗಿದ್ದು ಎರಡೇ ನಂಬರ್: ಅವನದು, ನನ್ನದು. ಯಾಕೆ ಆಯ್ಕೆ ಮಾಡಿದೆವು ಎಂದು ಅವರು ಯಾರಿಗೂ ಹೇಳುವುದಿಲ್ಲ. ಹಗ್ಗ ಕೊಟ್ಟದ್ದಕ್ಕೇ ಇರಬಹುದು ಎಂದು ನಾನು ಇವತ್ತಿಗೂ ನಂಬಿಕೊಂಡಿದ್ದೇನೆ.

ಆಮೇಲೆ ವೈದ್ಯಕೀಯ ಪರೀಕ್ಷೆ. ಅಲ್ಲೂ ಕಾಲೇ. ಚಪ್ಪಟೆ ಪಾದವಿದೆಯೇ ನೋಡುತ್ತಾರೆ, ತುದಿಗಾಲಲ್ಲಿ ನಿಲ್ಲಿಸಿದಾಗ ಪಾದದ ಕಮಾನು ಮೂಡುತ್ತದೆಯೇ ನೋಡುತ್ತಾರೆ. ಮಂಡಿ ಒಂದಕ್ಕೊಂದು ತಾಗುತ್ತದೆಯೇ, ಬಣ್ಣ ಸರಿಯಾಗಿ ಕಾಣುತ್ತದೆಯೇ, ಕಿವಿ, ಹಲ್ಲು, ಎಲ್ಲ. ಸರಿಯಾಗುವಂಥ ದೋಷವಿದ್ದರೆ ಮತ್ತೆ ತೋರಿಸಿಕೊಳ್ಳಲು ಅವಕಾಶವಿದೆ, ಎದೆಗುಂದಬೇಡಿ.

ಡೆಹ್ರಾಡೂನಿನ ಅಕಾಡೆಮಿ ಶುರುವಾದದ್ದು 1932ರ ಅಕ್ಟೋಬರ್ 1ರಂದು, ನಲವತ್ತು ಕೆಡೆಟ್‌ಗಳಿಂದ. ಆ ನಲವತ್ತರಲ್ಲಿ ಮುಂದೆ ಫೀಲ್ಡ್ ಮಾರ್ಷಲ್ ಆದ ಸ್ಯಾಮ್ ಮಾಣೆಕ್‌ಶಾ ಒಬ್ಬರು. ಅಲ್ಲಿನ ಚೆಟ್‌ವುಡ್ ಭವನದಲ್ಲಿ ಬರೆಸಿರುವ ಮಾತಿನ ಸಾರ ಇಷ್ಟು: ದೇಶದ ಹಿತ ಮೊದಲು, ನಿನ್ನ ಕೈಕೆಳಗಿನವರ ಹಿತ ಆಮೇಲೆ, ನಿನ್ನದು ಯಾವಾಗಲೂ ಕೊನೆಗೆ. ಅದನ್ನು ಗೋಡೆಯಿಂದ ಓದುವುದು ಸುಲಭ. ಮೈಗೆ ಹತ್ತಿಸುವುದಕ್ಕೆ ಅವರು ಹದಿನೆಂಟು ತಿಂಗಳು ತಗೊಳ್ಳುತ್ತಾರೆ. ಬೆಳಿಗ್ಗೆ ಐದಕ್ಕೆ ಮೊದಲು ಎದ್ದು ಪಿಟಿ, ಡ್ರಿಲ್, ಗುಂಡು ಹೊಡೆಯುವುದು, ನಕ್ಷೆ ಓದುವುದು, ತರಗತಿ, ಮತ್ತೆ ಆಟ, ರಾತ್ರಿ ಮತ್ತೆ ಏನೋ ಒಂದು. ಮಧ್ಯೆ ಮಧ್ಯೆ ‘ರಗಡಾ’. ರಗಡಾ ಎಂದರೆ ತಪ್ಪಿಗೆ, ಕೆಲವು ಸಲ ತಪ್ಪಿಲ್ಲದೆಯೂ, ಮೈ ಹಣ್ಣಾಗುವಂತೆ ಉರುಳಿಸುವುದು. ಒಬ್ಬ ತಡವಾಗಿ ಬಂದರೆ ಇಡೀ ಗುಂಪಿಗೆ ಶಿಕ್ಷೆ. ಮೊದಲ ತಿಂಗಳು ಆ ಒಬ್ಬನ ಮೇಲೆ ಎಲ್ಲರಿಗೂ ಸಿಟ್ಟು ಬರುತ್ತದೆ; ಮೂರನೇ ತಿಂಗಳಿಗೆ ಆ ಒಬ್ಬನನ್ನು ಎಬ್ಬಿಸಲು ಇಬ್ಬರು ಮೊದಲೇ ಎದ್ದಿರುತ್ತಾರೆ.

ಕೊನೆಯಲ್ಲಿ ಯಾವ ದಳ ಬೇಕು ಎಂದು ಬರೆದುಕೊಡಬೇಕು. ಅಪ್ಪ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, “ಇಂಜಿನಿಯರೋ, ಸಪ್ಲೈನೋ ಕೇಳ್ಕೋ ಮಗಾ, ಮುಂದ್ಗಡೆ ಬ್ಯಾಡ” ಎಂದಿದ್ದರು. ನಾನು ಮೊದಲನೇ ಆಯ್ಕೆಯಾಗಿ ಪದಾತಿ ಎಂದೇ ಬರೆದೆ. ಅಪ್ಪನಿಗೆ ಮಾತ್ರ ಒಂದು ವರ್ಷ ‘ಯಾವುದೋ ರೈಫಲ್ ಡಿಪಾರ್ಟ್‌ಮೆಂಟು’ ಎಂದು ಹೇಳಿಕೊಂಡು ಬಂದೆ. ಪಾಸಿಂಗ್ ಔಟ್ ಪರೇಡಿನ ಕೊನೆಗೆ ‘ಅಂತಿಮ್ ಪಗ್’ ಎಂಬ ಗೆರೆ ದಾಟುತ್ತೇವೆ. ಅದನ್ನು ದಾಟಿದ ಹೆಜ್ಜೆಯಿಂದ ನೀವು ಲೆಫ್ಟಿನೆಂಟ್. ನಕ್ಷತ್ರಗಳ ಮೇಲಿನ ಪಟ್ಟಿ ತೆಗೆದು ಅಪ್ಪ ಅಮ್ಮ ಹೆಗಲು ಮುಟ್ಟುತ್ತಾರೆ. ನಮ್ಮಮ್ಮ ಆವತ್ತು ಮೊದಲ ಸಲ ರೈಲು ಹತ್ತಿದ್ದಳು.

ಪಲ್ಟನ್ನಿನಲ್ಲಿ ನನಗಿದ್ದ ಮೊದಲ ತೊಡಕು ಭಾಷೆ. ಗಢವಾಲ್ ರೈಫಲ್ಸ್‌ನ ಹುಡುಗರು ಉತ್ತರಾಖಂಡದ ಗುಡ್ಡಗಾಡಿನವರು. ನನ್ನ ಹಿಂದಿಯೇ ದೂರದರ್ಶನದ ಹಿಂದಿ, ಇನ್ನು ಗಢವಾಲಿ ಎಲ್ಲಿಂದ ಬರಬೇಕು? ಹೊಸ ಅಧಿಕಾರಿಯನ್ನು ಮೊದಲ ಕೆಲವು ವಾರ ಆಫೀಸರ್ಸ್ ಮೆಸ್ಸಿಗೆ ಬಿಡಲಿಲ್ಲ. ಬ್ಯಾರಕ್ಕಿನಲ್ಲಿ ಜವಾನರ ಜೊತೆ ಮಲಗಿ, ಲಂಗರಿನಲ್ಲಿ, ಅಂದರೆ ಅವರ ಅಡುಗೆಮನೆಯಲ್ಲಿ, ಅವರ ಸಾಲಿನಲ್ಲೇ ತಟ್ಟೆ ಹಿಡಿಯಬೇಕಾಗಿತ್ತು. (ನಮ್ಮೂರಲ್ಲಿ ಜವಾನ ಎಂದರೆ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುವವನು. ಮದುವೆಯ ಮಾತುಕತೆಯಲ್ಲಿ ಈ ಪದ ನನಗೆ ಸಾಕಷ್ಟು ತೊಂದರೆ ಕೊಟ್ಟಿತು.) ಅಲ್ಲಿ ಒಂದು ಪದ ಪದೇ ಪದೇ ಕಿವಿಗೆ ಬೀಳುತ್ತಿತ್ತು: ‘ಭುಲ್ಲಾ’. ಹಿರಿಯ ಹವಾಲ್ದಾರ ಹೊಸ ಸಿಪಾಯಿಯನ್ನು ಬೈಯುವಾಗಲೂ ಭುಲ್ಲಾ, ಬೀಡಿ ಕೊಡುವಾಗಲೂ ಭುಲ್ಲಾ. ಕೇಳಿದೆ. ತಮ್ಮ ಎಂದರ್ಥ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹುಡುಗನನ್ನು ‘ಏ ತಮ್ಮಾ, ಸ್ವಲ್ಪ ಸರ್ಕೋ’ ಎನ್ನುತ್ತೇವಲ್ಲ, ಅದೇ. ಆವತ್ತಿನಿಂದ ಗಢವಾಲಿ ಕಷ್ಟವೆನಿಸಲಿಲ್ಲ.

ಇನ್ನೊಂದು ನಂಟು ಹಿಟ್ಟಿನಲ್ಲಿ ಸಿಕ್ಕಿತು. ರಜೆ ಮುಗಿಸಿ ಬಂದ ಸಿಪಾಯಿಯೊಬ್ಬ ಮನೆಯಿಂದ ‘ಮಂಡುವಾ’ ಹಿಟ್ಟು ತಂದಿದ್ದ. ನೋಡಿದರೆ ನಮ್ಮ ರಾಗಿ! ಅವರು ರೊಟ್ಟಿ ತಟ್ಟುತ್ತಾರೆ, ಮುದ್ದೆ ಗೊತ್ತಿಲ್ಲ. ಹದಿಮೂರು ಸಾವಿರ ಅಡಿಯ ಮೇಲಿನ ಪೋಸ್ಟಿನಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ ನಾನು ಮುದ್ದೆ ತೊಳಸಲು ನಿಂತೆ. ಆ ಎತ್ತರದಲ್ಲಿ ನೀರು ತೊಂಬತ್ತು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಹಿಟ್ಟು ಬೇಯುವುದೇ ಇಲ್ಲ. ಹಸಿ ಹಸಿ, ಗಂಟು ಗಂಟು. ಮೇಲೆ ಬೇಳೆಸಾರು ಸುರಿದುಕೊಂಡು ಎಲ್ಲರೂ ನುಂಗಿದರು. ನುಂಗುವುದನ್ನೂ ನಾನೇ ಕಲಿಸಬೇಕಾಯಿತು. ಸುಬೇದಾರ್ ಸಾಹೇಬರು ಮಾತ್ರ, “ಸಾಬ್, ಮುಂದಿನ ಸಲ ರೊಟ್ಟಿಯೇ ಇರಲಿ” ಎಂದರು.

ಆ ಸುಬೇದಾರರ ಬಗ್ಗೆ ಇನ್ನೊಂದು ಹೇಳದಿದ್ದರೆ ಈ ಕೆಲಸದ ಒಳಗುಟ್ಟು ನಿಮಗೆ ತಿಳಿಯುವುದಿಲ್ಲ. ಒಂದು ರಾತ್ರಿ ಅಭ್ಯಾಸದಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಪ್ಲಟೂನ್ ನಡೆಸುತ್ತಿದ್ದೆ. ಎರಡು ಹಳ್ಳ ಕೂಡುವ ಕಡೆ ಎಡಗಡೆಯದನ್ನು ಹಿಡಿದೆ. ಹತ್ತು ಹೆಜ್ಜೆ ಹೋದೆವೋ ಇಲ್ಲವೋ, ಹಿಂದಿನಿಂದ ಪಿಸುದನಿ: “ಸಾಬ್, ನನ್ನ ಬೂಟಿನ ಲೇಸು ಬಿಚ್ಚಿದೆ. ಒಂದು ನಿಮಿಷ.” ಪ್ಲಟೂನ್ ನಿಂತಿತು. ಅವರು ಕೂತು ಲೇಸು ಕಟ್ಟುತ್ತಲೇ ಇದ್ದರು, ಕಟ್ಟುತ್ತಲೇ ಇದ್ದರು. ಸುಮ್ಮನೆ ನಿಂತ ನಾನು ಇನ್ನೊಮ್ಮೆ ನಕ್ಷೆ ನೋಡಿದೆ. ಬಲಗಡೆಯ ಹಳ್ಳ ಹಿಡಿಯಬೇಕಾಗಿತ್ತು. “ನಡೀರಿ, ಈ ಕಡೆ” ಎಂದೆ. ಲೇಸು ತಕ್ಷಣ ಕಟ್ಟಿಯಾಯಿತು. ಮೂವತ್ತು ಜನರಲ್ಲಿ ಒಬ್ಬನಿಗೂ ಸಾಹೇಬ ದಾರಿ ತಪ್ಪಿದ್ದ ಎಂದು ತಿಳಿಯಲಿಲ್ಲ. ಅಧಿಕಾರಿಯ ಮಾತಿನ ಮೇಲೆ ನಂಬಿಕೆ ಹೋದರೆ ನಾಳೆ ಗುಂಡಿನ ಎದುರು ಯಾರೂ ಎದ್ದು ಓಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಾವು ಅವರನ್ನು ಸಾಬ್ ಎನ್ನುತ್ತೇವೆ, ಅವರು ನಮ್ಮನ್ನು ಸಾಬ್ ಎನ್ನುತ್ತಾರೆ. ಆ ಎರಡು ಸಾಬ್‌ಗಳ ನಡುವೆ ಪಲ್ಟನ್ ನಿಂತಿರುತ್ತದೆ.

ದಿನದ ಕೆಲಸ ಏನು ಎಂದರೆ ಸಿನಿಮಾದವರಿಗೆ ಬೇಸರವಾಗುತ್ತದೆ. ಊರಲ್ಲಿ ಅಣ್ಣ ಜಮೀನು ಒತ್ತಿಕೊಂಡಿದ್ದಾನೆ ಎಂದು ಅಳುವ ನಾಯಕ್‌ನ ಪರವಾಗಿ ಅವನ ಜಿಲ್ಲಾಧಿಕಾರಿಗೆ ಪತ್ರ ಬರೆಯುವುದು. ರಜೆಯ ಪಟ್ಟಿ ಹೊಂದಿಸುವುದು. ಜವಾನನಿಗೆ ವರ್ಷಕ್ಕೆ ಅರವತ್ತು ದಿನ ವಾರ್ಷಿಕ ರಜೆ, ಮೂವತ್ತು ದಿನ ಸಾಂದರ್ಭಿಕ ರಜೆ, ಆದರೆ ಎಲ್ಲರಿಗೂ ನಾಟಿಗೇ ಬೇಕು, ಹಬ್ಬಕ್ಕೇ ಬೇಕು. ಗುರಿ ತಪ್ಪುವವನನ್ನು ಮತ್ತೆ ಮತ್ತೆ ರೇಂಜಿಗೆ ಕರೆದೊಯ್ಯುವುದು. ಮಧ್ಯಪ್ರದೇಶದ ಮ್ಹೌನಲ್ಲಿ ಪದಾತಿ ಶಾಲೆಯಿದೆ. ಹೊಸ ಅಧಿಕಾರಿಗಳಿಗೆ ಅಲ್ಲಿ ಪಾಠ. ಅದರದೇ ಒಂದು ಅಂಗ ನಮ್ಮ ಬೆಳಗಾವಿಯಲ್ಲಿದ್ದು, ಕಮಾಂಡೋ ಕೋರ್ಸ್ ನಡೆಯುವುದು ಅಲ್ಲೇ. ಮುಂದೆ ನುಗ್ಗಿ ಹೊಡೆಯುವ, ಪಲ್ಟನ್ನಿನ ‘ಘಾತಕ್’ ಪ್ಲಟೂನ್ ನಡೆಸಬೇಕಾದವರು ಅಲ್ಲಿ ಮೈ ಮುರಿಸಿಕೊಂಡು ಬರುತ್ತಾರೆ. ನಾನೂ ಹೋಗಿದ್ದೆ. ಮೂರು ವರ್ಷದ ಮೇಲೆ ಕನ್ನಡ ನಾಡಿಗೆ ಬಂದಿದ್ದೆ, ಹೊರೆ ಹೊತ್ತು ಓಡುವಾಗ ರಸ್ತೆ ಬದಿಯ ಅಜ್ಜಿಯೊಬ್ಬಳು, “ಯಾರ ಮಕ್ಕಳೋ ಏನೋ, ಹಿಂಗ್ಯಾಕ್ ಓಡಸ್ತಾರೋ” ಎಂದದ್ದು ಕೇಳಿಸಿತು. ಆ ಗುಂಪಿನಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೇ.

ಕಾಶ್ಮೀರದಲ್ಲಿದ್ದಾಗ ಹೊಂಚು ಹಾಕಿ ಸೇಬಿನ ತೋಟದಲ್ಲಿ ಹತ್ತು ಗಂಟೆ ಮಲಗಿದ ರಾತ್ರಿಗಳು ಎಷ್ಟೋ. ಬಹುಪಾಲು ರಾತ್ರಿ ಏನೂ ಆಗುವುದಿಲ್ಲ. ಕೆಮ್ಮುವಂತಿಲ್ಲ, ಬೆಂಕಿಕಡ್ಡಿ ಗೀರುವಂತಿಲ್ಲ. ಏನಾದರೂ ಆದ ಕೆಲವು ರಾತ್ರಿಗಳ ಕಥೆ ಇಲ್ಲಿ ಬೇಡ, ಅವು ನನ್ನೊಬ್ಬನವಲ್ಲ.

ನನ್ನದೇ ಆದ ಒಂದು ಹೇಳುತ್ತೇನೆ. ಎತ್ತರದ ಪ್ರದೇಶಕ್ಕೆ ಏರುವಾಗ ಸೈನ್ಯ ಗಡಿಬಿಡಿ ಮಾಡುವುದಿಲ್ಲ. ಒಂಬತ್ತು ಸಾವಿರ ಅಡಿಯಾದ ಮೇಲೆ ಆರು ದಿನ, ಹನ್ನೆರಡು ಸಾವಿರದ ಮೇಲೆ ನಾಲ್ಕು ದಿನ, ಹದಿನೈದು ಸಾವಿರದ ಮೇಲೆ ಮತ್ತೆ ನಾಲ್ಕು ದಿನ ಮೈ ಹೊಂದಿಸಿಕೊಂಡೇ ಮುಂದೆ. ಆತುರಪಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿ ಗಟ್ಟಿಮುಟ್ಟಾದ ಹುಡುಗನೇ ಸಾಯುತ್ತಾನೆ. ನಾನಾಗ ಕ್ಯಾಪ್ಟನ್, ಹದಿನಾರು ಸಾವಿರ ಅಡಿಯ ಪೋಸ್ಟಿನಲ್ಲಿ ಹನ್ನೆರಡು ಜನರ ಜೊತೆ ಇದ್ದೆ. ಅಲ್ಲಿ ಪ್ರತಿ ಸಂಜೆ ಕಾಲು ನೋಡುವುದು ಪೂಜೆಯಷ್ಟೇ ನಿಯಮ. ಸಾಕ್ಸ್ ಬಿಚ್ಚಿಸಿ, ಬೆರಳು ತಿಕ್ಕಿಸಿ, ಒಣ ಸಾಕ್ಸ್ ಹಾಕಿಸಬೇಕು; ಒದ್ದೆಯದನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಒಣಗಿಸಬೇಕು. ಒಂದು ಸಂಜೆ ಹಿಮಗಾಳಿ ಎದ್ದು ರೇಡಿಯೊ ಸಂಪರ್ಕ ಕಡಿಯಿತು. ಅದನ್ನು ಸರಿಪಡಿಸುವುದರಲ್ಲೇ ರಾತ್ರಿಯಾಯಿತು. ಕಾಲು ನೋಡಲಿಲ್ಲ. ‘ಒಂದು ದಿನ ತಾನೇ’ ಎಂದುಕೊಂಡೆ.

ದಿನವೆಲ್ಲ ಹಿಮ ತೋಡಿದ್ದ ಹತ್ತೊಂಬತ್ತರ ಹುಡುಗನೊಬ್ಬನ ಬಲಗಾಲಿನ ಸಾಕ್ಸ್ ಒದ್ದೆಯಾಗಿತ್ತು. ಹೇಳಿಕೊಳ್ಳಲು ನಾಚಿ ಹಾಗೇ ಮಲಗಿದ. ಬೆಳಿಗ್ಗೆ ನೋಡಿದರೆ ಎರಡು ಬೆರಳು ಮೇಣದ ಹಾಗೆ ಬೆಳ್ಳಗೆ, ಮುಟ್ಟಿದರೂ ಗೊತ್ತಾಗದು. ಹವೆ ತಿಳಿಯಾಗಿ ಹೆಲಿಕಾಪ್ಟರ್ ಬರಲು ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಬೆರಳು ಕಪ್ಪಾಗಿದ್ದವು. ಆಸ್ಪತ್ರೆಯಲ್ಲಿ ತೆಗೆದರು. ಕಂಪನಿ ಕಮಾಂಡರ್ ರೇಡಿಯೊದಲ್ಲಿ ಒಂದೇ ಮಾತು ಕೇಳಿದರು: “ಆ ಸಂಜೆ ಕಾಲು ನೋಡಿದ್ದೆಯಾ?” ಇಲ್ಲ ಎಂದೆ. ಆಚೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಆ ಹುಡುಗ ಪಲ್ಟನ್ನಿನ ಸ್ಟೋರಿನಲ್ಲಿ ಕೆಲಸ ಮಾಡಿಕೊಂಡು ಸರ್ವಿಸ್ ಮುಂದುವರಿಸಿದ. ಚಳಿ ಶುರುವಾದಾಗ ಆ ಜಾಗ ಈಗಲೂ ಜುಮ್ಮೆನ್ನುತ್ತದಂತೆ, ಅವನೇ ಫೋನಿನಲ್ಲಿ ಹೇಳಿದ್ದು.

ಇನ್ನು ಲೆಕ್ಕಾಚಾರ. ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್. ಇಷ್ಟು ಕಾಲಕ್ಕೆ ಸರಿಯಾಗಿ ಬರುತ್ತದೆ. ಕರ್ನಲ್ ಆಗಿ ಪಲ್ಟನ್ ನಡೆಸುವುದು ಮಾತ್ರ ಆಯ್ಕೆಯಿಂದ. ಅಲ್ಲಿ ಪಿರಮಿಡ್ಡು ತಟ್ಟನೆ ಸಣ್ಣದಾಗುತ್ತದೆ, ಒಳ್ಳೆಯವರೂ ಉಳಿದುಬಿಡುತ್ತಾರೆ. ನನ್ನ ಹೆಸರೂ ಬರಲಿಲ್ಲ. ಒಂದು ವರ್ಷ ಕಹಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ತುಂಬಿಸಿ 2024ರಲ್ಲಿ ಪಿಂಚಣಿ ಪಡೆದು ಬಂದೆ. ಸಂಬಳ ಕೇಳುವವರಿಗೆ: 7ನೇ ವೇತನ ಆಯೋಗದಂತೆ ಲೆಫ್ಟಿನೆಂಟನ ಮೂಲ ವೇತನ 56,100, ಅದರ ಮೇಲೆ ಸೇನಾ ಸೇವಾ ವೇತನ 15,500, ಜೊತೆಗೆ ಭತ್ಯೆಗಳು. ಬೆಂಗಳೂರಿನ ಸಾಫ್ಟ್‌ವೇರಿನವರ ಜೊತೆ ಹೋಲಿಸಬೇಡಿ. ಖರ್ಚಾಗುವುದು ಬೇರೆಯದೇ. ನನ್ನ ಮಗಳು ಹುಟ್ಟಿ ಐದು ತಿಂಗಳಾದ ಮೇಲೆ ಅವಳನ್ನು ನೋಡಿದೆ. ಹೆಂಡತಿ ಚಿತ್ರದುರ್ಗದಲ್ಲೇ ಟೀಚರು. ಇಪ್ಪತ್ತು ವರ್ಷದಲ್ಲಿ ಒಂದೇ ಸೂರಿನಡಿ ಇದ್ದದ್ದನ್ನು ಕೂಡಿದರೆ ಏಳು ವರ್ಷವಾಗಬಹುದು. ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡಿದರೆ ಅವರ ತಪ್ಪೇನಿಲ್ಲ.

ನಮ್ಮ ನಾಡಿಗೆ ಈ ಕಾಲಾಳಿನ ಕೆಲಸ ಹೊಸದಲ್ಲ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಜಪೂತ್ ರೆಜಿಮೆಂಟಿನವರು, ಜನರಲ್ ತಿಮ್ಮಯ್ಯ ಕುಮಾವೂಂ ರೆಜಿಮೆಂಟಿನವರು. ಇಬ್ಬರೂ ಕಾಲಾಳುಗಳೇ, ಇಬ್ಬರೂ ಕನ್ನಡವೇ ಬಾರದ ಹುಡುಗರನ್ನು ನಡೆಸಿದವರು. ಆದರೆ ಭಾನುವಾರದ ಹುಡುಗರಿಗೆ ನಾನು ಹೇಳುವುದು ಇನ್ನೊಬ್ಬರ ಹೆಸರು: ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಪೋಸ್ಟಿನ ಮೇಲೆ ಹಿಮ ಕುಸಿದಾಗ 19ನೇ ಮದ್ರಾಸ್ ಬೆಟಾಲಿಯನ್‌ನ ಹತ್ತು ಜನ ಅದರಡಿ ಸಿಕ್ಕಿದರು. ಆರು ದಿನದ ಮೇಲೆ ಅವರೊಬ್ಬರು ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆಫೀಸರ್ ಆಗಲು ಹೊರಟವನಿಗೆ ಅವರ ಹೆಸರು ಯಾಕೆ ಹೇಳುತ್ತೇನೆಂದರೆ, ನಾಳೆ ಅಂಥ ಹತ್ತು ಜನರನ್ನು ಅಂಥ ಕಡೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕುವವನು ಅವನೇ.

ಗುಂಪಿನಲ್ಲಿ ಇಬ್ಬರು ಹುಡುಗಿಯರೂ ಬರುತ್ತಾರೆ. 2022ರಿಂದ ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದೆ. ಪದಾತಿ ದಳದ್ದು ಇನ್ನೂ ತೆರೆದಿಲ್ಲ. ಇಬ್ಬರಲ್ಲಿ ಒಬ್ಬಳು ಕೋಟೆಯ ಮೆಟ್ಟಿಲನ್ನು ಎಲ್ಲರಿಗಿಂತ ಮೊದಲು ಹತ್ತಿ ಮೇಲೆ ನಿಂತು ಹಿಂದಿರುವವರನ್ನು ಎಣಿಸುತ್ತಾಳೆ. ಅವಳಿಗೆ ನಾನು ಏನು ಉತ್ತರ ಕೊಡಬೇಕೋ ಮೇಲಿನವರು ಹೇಳಬೇಕು.

ಹಿರಿಯೂರಿನ ಆ ಹುಡುಗ ಮುಂದಿನ ವಾರವೂ ಬಂದ. ಓಟ ಮುಗಿದ ಮೇಲೆ ಬೂಟು ಬಿಚ್ಚಿಸಿದೆ. ಅಗ್ಗದ ಬೂಟು, ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಹೇಳಿರಲೇ ಇಲ್ಲ. ಪಕ್ಕದವನನ್ನು ಕರೆದು ಅವನ ಕಾಲು ತೋರಿಸಿ, “ಇದನ್ನ ನೀನು ನೋಡ್ಬೇಕಿತ್ತು” ಎಂದೆ.

ಓದಿ ಆಸೆಯಾದವರು ಭಾನುವಾರ ಬೆಳಿಗ್ಗೆ ಆರಕ್ಕೆ ಕೋಟೆಯ ಬಾಗಿಲ ಹತ್ತಿರ ಬನ್ನಿ. ಇನ್ನೊಂದು ಜೊತೆ ಒಣ ಸಾಕ್ಸ್ ತನ್ನಿ.